ಎಣ್ಣೆಯಿದ್ದೂ ಒಣಗುವ ಯಂತ್ರ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಯಂತ್ರದ ವಿಷಯ ಬರೆಯಹೊರಟುದನ್ನು ಕಂಡು ಅಧ್ಯಾಪಕರು ನಗಬಹುದು. ಆದರೆ ಈ ಪಾಠವನ್ನು ನಾನು ಮೊದಲು ಕಲಿತುದು ಪುಸ್ತಕದಿಂದಲ್ಲ, ಮನೆಯ ನಷ್ಟದಿಂದ.

ಎರಡು ವರ್ಷಗಳ ಕೆಳಗೆ ನಮ್ಮ ಹಳೆಯ ಟ್ರ್ಯಾಕ್ಟರು ತೆಂಗಿನಕಾಯಿ ಹೊತ್ತು ಕೆರೆಯ ಏರಿ ಹತ್ತುವಾಗಲೆಲ್ಲ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಇಳಿಯುತ್ತಿತ್ತು. ಸಮನೆಲಕ್ಕೆ ಬಂದೊಡನೆ ಮೇಲೇಳುತ್ತಿತ್ತು. "ಮೀಟರು ಕೆಟ್ಟಿದೆ" ಎಂದು ತಂದೆಯವರು ಸುಮ್ಮನಾದರು. ಹದಿನೈದು ದಿನಗಳಲ್ಲಿ ಎಂಜಿನ್ನು ಹಿಡಿದುಕೊಂಡಿತು. ಆ ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರಿ ಬಂದ ಹಣವೆಲ್ಲ ರಿಪೇರಿಗೆ ಹೋಯಿತು. ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನ ಫೀಜಿಗಾಗಿ ತಾಯಿಯವರ ಓಲೆ ಗಿರವಿಗೆ ಹೋಯಿತು.

ಬಿಚ್ಚಿ ನೋಡಿದ ಮೇಸ್ತ್ರಿ ಹೇಳಿದ: "ಎಣ್ಣೆ ಸ್ವಲ್ಪ ಕಮ್ಮಿ ಇತ್ತು ಯಜಮಾನ್ರೆ. ಏರಿ ಹತ್ತುವಾಗ ಇದ್ದದ್ದೂ ಹಿಂದಕ್ಕೆ ಹೋಗಿ ಪಂಪಿನ ಬಾಯಿಗೆ ಸಿಗಲಿಲ್ಲ."

ಈ ಮಾತಿನ ಪೂರ್ಣ ಅರ್ಥ ನನಗಾದುದು ಡ್ರ್ಯಾಗ್ ಓಟದ ವಾಹನಗಳ ವಿಷಯ ಓದಿದ ಮೇಲೆ. ನಿಂತಲ್ಲಿಂದ ಹೊರಟು ನೇರ ಹಾದಿಯಲ್ಲಿ ಕಾಲು ಮೈಲಿಯನ್ನು, ಎಂದರೆ ಸುಮಾರು 402 ಮೀಟರುಗಳನ್ನು, ಮೊದಲು ಮುಟ್ಟಿದವರೇ ಗೆದ್ದಂತೆ. ಅಮೆರಿಕದಲ್ಲಿ ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ನನ್ನು ಸ್ಥಾಪಿಸಿ ಈ ಓಟಕ್ಕೆ ಶಿಸ್ತು ತಂದರು.

ಅರ್ಧ ತುಂಬಿದ ಎಣ್ಣೆಡಬ್ಬವನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ಜೋರಾಗಿ ತುಳಿಯಿರಿ. ಎಣ್ಣೆ ಹಿಂದಕ್ಕೆ ಸರಿಯುತ್ತದೆ. ಬ್ರೇಕು ಹಿಡಿದರೆ ಮುಂದಕ್ಕೆ ನುಗ್ಗುತ್ತದೆ. ವೇಗ ಏರುವ ರಭಸವು ಭೂಮಿಯ ಸೆಳೆತಕ್ಕೆ ಸಮನಾದರೆ ಎಣ್ಣೆಯ ಮೇಲ್ಮೈ 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಅತಿವೇಗದ ಡ್ರ್ಯಾಗ್ ಕಾರುಗಳಲ್ಲಿ ಈ ರಭಸ ಅದರ ಹಲವು ಪಟ್ಟು. ಬಾವಿಯ ನೀರು ಇಳಿದಾಗ ಮೋಟಾರು ಪಂಪು ಗಾಳಿ ಹೀರುವಂತೆ, ಅಲ್ಲಿ ಎಣ್ಣೆಯ ಪಂಪೂ ಗಾಳಿಯನ್ನು ಹೀರುತ್ತದೆ. ಇನ್ನೆರಡು ತೊಂದರೆಗಳೂ ಉಂಟು: ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆಯಾಗಿಸುತ್ತದೆ, ಎಂಜಿನ್ನಿನ ತಲೆಗೆ ಏರಿದ ಎಣ್ಣೆ ಬೇಗ ಕೆಳಗಿಳಿಯುವುದಿಲ್ಲ.

ಪರಿಹಾರಗಳೇನು? ಮೊದಲನೆಯದು, ಎಣ್ಣೆ ತುಂಬುವ ಸಂಪಿನ ಹಿಂಭಾಗವನ್ನು ಆಳವಾಗಿಸಿ ಹೀರುಕೊಳವೆಯನ್ನು ಅಲ್ಲಿಡುವುದು. ಬ್ರೇಕು ಹಿಡಿದಾಗ ಎಣ್ಣೆ ಮುಂದಕ್ಕೆ ಓಡದಂತೆ, ಫುಟ್‌ವಾಲ್ವಿನ ಹಾಗೆ ಒಂದೇ ಕಡೆಗೆ ತೆರೆಯುವ ಬಾಗಿಲುಗಳುಳ್ಳ ಅಡ್ಡತಡೆ ಹಾಕುವುದು. ಎರಡನೆಯದು, ಕ್ರ್ಯಾಂಕಿಗೂ ಎಣ್ಣೆಗೂ ನಡುವೆ ತಟ್ಟೆಯೊಂದನ್ನಿಟ್ಟು ನೊರೆ ತಗ್ಗಿಸುವುದು. ಮೂರನೆಯದು, ಒತ್ತಡದಲ್ಲಿ ಎಣ್ಣೆಯನ್ನು ಕೂಡಿಟ್ಟು, ಮುಳ್ಳು ಇಳಿದೊಡನೆ ಬಿಟ್ಟುಕೊಡುವ ಪಾತ್ರೆ. ನಾಲ್ಕನೆಯದು ಒಣ ಸಂಪು: ಕೆಳಗೆ ಸೋರಿದ ಎಣ್ಣೆಯನ್ನು ಬೇರೆ ಪಂಪುಗಳು ಎತ್ತಿ ಎತ್ತರದ ತೊಟ್ಟಿಗೆ ತುಂಬುತ್ತವೆ. ಖರ್ಚು ಹೆಚ್ಚು, ಭರವಸೆಯೂ ಹೆಚ್ಚು.

ಮುಳ್ಳು ಇಳಿಯಿತೆಂದು ಪಂಪಿನ ಸ್ಪ್ರಿಂಗನ್ನು ಬಿಗಿ ಮಾಡುವುದೂ ಮಂದವಾದ ಎಣ್ಣೆ ಸುರಿಯುವುದೂ ಸಾಮಾನ್ಯ ತಪ್ಪು. ನಿಮಿಷಕ್ಕೆ ಪ್ರತಿ 1000 ಸುತ್ತಿಗೆ ಚದರ ಅಂಗುಲಕ್ಕೆ 10 ಪೌಂಡು ಒತ್ತಡವಿದ್ದರೆ ಸಾಕೆಂಬುದು ಹಳೆಯ ಸ್ಥೂಲ ಲೆಕ್ಕ. ಗಾಳಿ ಹೀರುವ ಪಂಪಿಗೆ ಸ್ಪ್ರಿಂಗು ಏನು ಮಾಡೀತು? ಆದುದರಿಂದ ಕ್ರಮವಾಗಿ ನೋಡತಕ್ಕದ್ದು: ಎಂಜಿನ್ನನ್ನು ನಿಲ್ಲಿಸಿ ಮೊದಲು ಎಣ್ಣೆಯ ಮಟ್ಟ, ಬಳಿಕ ಬೇರೊಂದು ಮೀಟರಿನ ಸಾಕ್ಷಿ, ಆಮೇಲೆ ಹೀರುಕೊಳವೆ, ಕೊನೆಗೆ ಬೇರಿಂಗಿನ ಸಂದು.

ನಮ್ಮ ಟ್ರ್ಯಾಕ್ಟರಿಗೆ ಒಣ ಸಂಪು ಬೇಕಿರಲಿಲ್ಲ. ಒಂದೆರಡು ಲೀಟರು ಎಣ್ಣೆಯೂ, ಮುಳ್ಳಿನ ಮಾತನ್ನು ನಂಬುವ ಮನಸ್ಸೂ ಸಾಕಾಗಿದ್ದವು. ತಂದೆಯವರಿಗೆ ಅಕ್ಷರ ಬಾರದು. ಆದರೂ ಈಗ ಪ್ರತಿದಿನ ಬೆಳಗ್ಗೆ ಎಣ್ಣೆಯ ಕಡ್ಡಿಯನ್ನು ಒರೆಸಿ, ಅದ್ದಿ, ಬೆಳಕಿಗೆ ಹಿಡಿದು ಮೇಲಿನ ಗೀಟನ್ನು ಓದುತ್ತಾರೆ. ತಾಯಿಯವರ ಓಲೆಯನ್ನು ಬಿಡಿಸಿ ತರುವ ಕೆಲಸ ನನ್ನದಾಗಿ ಉಳಿದಿದೆ.