ಹೆಸರು ಖಚಿತವಾಗದ ಕರುಳುಬೇನೆ

ಕುಮಟಾ ತಾಲ್ಲೂಕಿನ ಯಾಣದ ಓದುಗರ ಕರುಳಿನ ಹುಣ್ಣು ಕ್ಷಯದ್ದೋ ಕ್ರೋನ್ಸ್ ಕಾಯಿಲೆಯದ್ದೋ ಎಂಬುದು ಇನ್ನೂ ತೀರ್ಮಾನವಾಗದಿರುವುದು ಸಂಕಟದ ಸಂಗತಿಯಾದರೂ, ಅದು ವೈದ್ಯರ ಅಸಡ್ಡೆಯ ಗುರುತಲ್ಲ. ಕ್ಷಯವು ಸೋಂಕು, 1932ರಲ್ಲಿ ಬರಿಲ್ ಕ್ರೋನ್ ಮತ್ತು ಸಂಗಡಿಗರು ವಿವರಿಸಿದ ಕ್ರೋನ್ಸ್, ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿಬೀಳುವ ದೀರ್ಘಕಾಲದ ಉರಿಯೂತ. ಎರಡೂ ಹೆಚ್ಚಾಗಿ ಸಣ್ಣಕರುಳಿನ ಕೊನೆಯಲ್ಲೇ ನೆಲೆಸುತ್ತವೆ; ಕರುಳಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿ ಪರೀಕ್ಷೆಯೂ ಹಲವೊಮ್ಮೆ ನಿರ್ಣಾಯಕವಾಗುವುದಿಲ್ಲ. ಕ್ಷಯವಿರುವಾಗ ಕ್ರೋನ್ಸ್ ಎಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಸೋಂಕು ಉಲ್ಬಣಿಸಬಹುದಾದ್ದರಿಂದ, ಭಾರತದಲ್ಲಿ ಅನುಮಾನ ಉಳಿದಾಗ ಮೊದಲು ಕ್ಷಯದ ಔಷಧ ಕೊಟ್ಟು, ಎರಡು ಮೂರು ತಿಂಗಳ ಬಳಿಕ ಕರುಳೊಳಗೆ ಕ್ಯಾಮೆರಾ ಇಳಿಸುವ ಕೊಲೊನೋಸ್ಕೋಪಿಯಲ್ಲಿ ಹುಣ್ಣು ಮಾಗಿದೆಯೇ ಎಂದು ನೋಡುವುದು ರೂಢಿ. ಅಲ್ಲಿಯವರೆಗೆ ತೂಕ, ಜ್ವರ, ಭೇದಿಯ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಉಪಯುಕ್ತ. ಹೊಟ್ಟೆಯುಬ್ಬರದೊಡನೆ ವಾಂತಿಯಾದರೆ, ಕಣ್ಣು ಹಳದಿಯಾದರೆ, ಮಳೆಗಾಲದ ಘಟ್ಟದ ದಾರಿಯೆಂದು ಹಿಂಜರಿಯದೆ ಅಂದೇ ಆಸ್ಪತ್ರೆ ಸೇರಬೇಕು. ವೈದ್ಯರನ್ನು ಕೇಳದೆ ಔಷಧವನ್ನು ಮಾತ್ರ ಎಂದಿಗೂ ನಡುವೆ ನಿಲ್ಲಿಸಬಾರದು.