ಗಣಕ ಬೀಜಗಣಿತ ಮತ್ತು ಗಣಿತದ ಆನ್‌ಲೈನ್ ಆಕರಗಳು

ಕ್ಯಾಲ್ಕುಲೇಟರ್ 2ರ ವರ್ಗಮೂಲವನ್ನು 1.4142 ಎಂದು ತೋರಿಸಿ ಸುಮ್ಮನಾಗುತ್ತದೆ. ಗಣಕ ಬೀಜಗಣಿತ ತಂತ್ರಾಂಶ ಅದನ್ನು √2 ಎಂದೇ ಇಟ್ಟುಕೊಂಡು ಮುಂದಿನ ಲೆಕ್ಕ ಮಾಡುತ್ತದೆ. ಅಪವರ್ತನ, ಅವಕಲನ, ಅನುಕಲನಗಳನ್ನು ಸಂಕೇತಗಳಲ್ಲೇ ಬಿಡಿಸುತ್ತದೆ. ಪರೀಕ್ಷೆಗೆ ಮುಖ್ಯವಾದುದು ಈ ವ್ಯತ್ಯಾಸ.

ಈ ಕ್ಷೇತ್ರದ ಮೊದಲಿಗರಲ್ಲೊಬ್ಬರು ಗಣಿತಜ್ಞರಲ್ಲ, ಡಚ್ ಭೌತವಿಜ್ಞಾನಿ ಮಾರ್ಟಿನಸ್ ವೆಲ್ಟ್‌ಮನ್. 1963ರಲ್ಲಿ ಅವರು ಸ್ಕೂನ್‌ಸ್ಕಿಪ್ ಎಂಬ ತಂತ್ರಾಂಶ ರಚಿಸಿದರು; 1999ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡರು. 1968ರಲ್ಲಿ ಎಂಐಟಿಯಲ್ಲಿ ಮ್ಯಾಕ್ಸಿಮಾ ಕೆಲಸ ಶುರುವಾಯಿತು ಎಂದು ಬರೆದರೆ ಅಂಕ ಹೋದೀತು: ಅಲ್ಲಿ ಹುಟ್ಟಿದ್ದು ಮ್ಯಾಕ್‌ಸಿಮಾ (Macsyma), ಅದರಿಂದ ಬಂದ ಮುಕ್ತ ತಂತ್ರಾಂಶವೇ ಮ್ಯಾಕ್ಸಿಮಾ (Maxima). ಮೇಪಲ್ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಕೂಸು. ಸ್ಟೀಫನ್ ವುಲ್ಫ್ರಮ್ ಅವರ ಮ್ಯಾಥಮ್ಯಾಟಿಕಾ 1988ರದು. ಹಣ ಕೊಡಲಾಗದವರಿಗೆ ವಿಲಿಯಂ ಸ್ಟೈನ್ 2005ರಲ್ಲಿ ಆರಂಭಿಸಿದ ಸೇಜ್ ಇದೆ. ಮ್ಯಾಟ್‌ಲ್ಯಾಬ್ ಮೂಲತಃ ಸಂಖ್ಯಾತ್ಮಕ ಲೆಕ್ಕದ್ದು. ಅದನ್ನು ಈ ಸಾಲಿಗೆ ಸೇರಿಸುವುದು ಸಾಮಾನ್ಯ ತಪ್ಪು.

ಆಕರಗಳಲ್ಲಿ ನನಗೆ ಅಚ್ಚುಮೆಚ್ಚು ನೀಲ್ ಸ್ಲೋನ್ 1964ರಲ್ಲಿ ಸಂಗ್ರಹಿಸತೊಡಗಿದ ಪೂರ್ಣಾಂಕ ಶ್ರೇಣಿಗಳ ವಿಶ್ವಕೋಶ. 1729, 4104 ಎಂದು ಹುಡುಕಿದರೆ ರಾಮಾನುಜನ್–ಹಾರ್ಡಿ ಕಥೆಯ ಟ್ಯಾಕ್ಸಿ ಸಂಖ್ಯೆಗಳ ಪುಟ ಸಿಗುತ್ತದೆ. ಪ್ರಬಂಧಗಳ ಕರಡು ಪ್ರತಿಗೆ ಪಾಲ್ ಗಿನ್ಸ್‌ಪಾರ್ಗ್ ಅವರ ಆರ್ಕೈವ್ (1991), ವಿಮರ್ಶೆಗೆ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಮ್ಯಾಥ್‌ಸೈನೆಟ್. ಅದಕ್ಕೆ ಚಂದಾ ಬೇಕು. 1931ರಲ್ಲಿ ಜರ್ಮನಿಯಲ್ಲಿ ಆರಂಭವಾದ ವಿಮರ್ಶಾ ಪತ್ರಿಕೆ ಜೆಂಟ್ರಾಲ್‌ಬ್ಲಾಟ್‌ನ ಆನ್‌ಲೈನ್ ರೂಪ 2021ರಿಂದ ಎಲ್ಲರಿಗೂ ಉಚಿತ.