ಆರೋಗ್ಯ ಕೇಂದ್ರದ ತ್ಯಾಜ್ಯ: ನಾಲ್ಕು ಬಣ್ಣಗಳ ಪಾಠ

ಉದ್ದೇಶ: ವೈದ್ಯಕೀಯ ತ್ಯಾಜ್ಯದ ಬಣ್ಣದ ಗುರುತುಗಳನ್ನು ವಿದ್ಯಾರ್ಥಿಗಳು ಕನ್ನಡದಲ್ಲಿ ವಿವರಿಸುವುದು, ಮರಾಠಿಯಲ್ಲಿ ಗುರುತಿಸುವುದು, ಎಸೆದ ಸೂಜಿ ಕಂಡಾಗ ಸರಿಯಾಗಿ ನಡೆದುಕೊಳ್ಳುವುದು.

ವಿಷಯ ವಿವರಣೆ

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಗಡಿಭಾಗದಲ್ಲಿ ನಮ್ಮ ವಿದ್ಯಾರ್ಥಿಗಳ ಮನೆಮಾತು ಕನ್ನಡ. ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯವಹಾರವು ಮರಾಠಿ. ಎಚ್ಚರಿಕೆಯ ಮಾತು ಕಣ್ಣೆದುರಿಗಿದ್ದರೂ ಅದರ ಅರ್ಥವಾಗದಿದ್ದಲ್ಲಿ ಅಪಾಯವು ತಪ್ಪದು. ಆದುದರಿಂದ ಈ ಪಾಠವು ವಿಜ್ಞಾನದ್ದೂ ಹೌದು, ಭಾಷೆಯದೂ ಹೌದು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಸ್ಪತ್ರೆಯ ತ್ಯಾಜ್ಯದಲ್ಲಿ ಸುಮಾರು ಶೇ. 85 ಭಾಗವು ಮನೆಯ ಕಸದಂತೆ ಸಾಮಾನ್ಯವಾದುದು, ಸುಮಾರು ಶೇ. 15 ಭಾಗ ಮಾತ್ರ ಅಪಾಯಕಾರಿ. ಆದರೆ ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಎಲ್ಲವೂ ಅಪಾಯಕಾರಿಯಾಗುವುದು. ಆದುದರಿಂದ ಹುಟ್ಟಿದ ಸ್ಥಳದಲ್ಲಿಯೇ ತ್ಯಾಜ್ಯವನ್ನು ಬೇರ್ಪಡಿಸುವುದು ಮೊದಲ ನಿಯಮ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016, ಇದಕ್ಕೆ ನಾಲ್ಕು ಬಣ್ಣಗಳನ್ನು ಗೊತ್ತುಪಡಿಸಿವೆ:

1. ಹಳದಿ (ಮರಾಠಿ: ಪಿವಳಾ): ರಕ್ತ ತಗುಲಿದ ಹತ್ತಿ, ಬ್ಯಾಂಡೇಜು, ಅವಧಿ ಮೀರಿದ ಔಷಧ.
2. ಕೆಂಪು (ಲಾಲ್): ಸಲಾಯಿನ್ ನಳಿಕೆ, ಕೈಗವಸು, ಸೂಜಿ ತೆಗೆದ ಸಿರಿಂಜು.
3. ಬಿಳಿ (ಪಾಂಢರಾ): ಸೂಜಿ, ಬ್ಲೇಡು. ಇದು ಚೀಲವಲ್ಲ, ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿ.
4. ನೀಲಿ (ನಿಳಾ): ಗಾಜಿನ ಔಷಧ ಸೀಸೆ, ಒಡೆದ ಗಾಜು.

ರಕ್ತ ತಗುಲಿದ ಹತ್ತಿ, ಬಟ್ಟೆ ಮೊದಲಾದವುಗಳನ್ನು ಸಂಸ್ಕರಿಸದೆ 48 ಗಂಟೆಗಳಿಗಿಂತ ಹೆಚ್ಚು ಕಾಲ ಇರಿಸಿಕೊಳ್ಳುವಂತಿಲ್ಲ. ಲಸಿಕಾ ಶಿಬಿರಗಳು ಮಾತ್ರವಲ್ಲ, ಶಾಲೆಯ ಪ್ರಥಮ ಚಿಕಿತ್ಸಾ ಕೊಠಡಿಯೂ ಈ ನಿಯಮಗಳ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಶಿಕ್ಷಕರು ಗಮನಿಸಬೇಕು. ಶಾಲೆಯಲ್ಲಿ ಲಸಿಕೆ ಹಾಕಿದ ದಿನ ಸೂಜಿ, ಸಿರಿಂಜು, ಹತ್ತಿಗಳನ್ನು ಆರೋಗ್ಯ ಸಿಬ್ಬಂದಿಯು ಮರಳಿ ಒಯ್ದರೇ ಎಂದು ನೋಡಿಕೊಳ್ಳುವುದು ನಮ್ಮ ಕರ್ತವ್ಯ. ಅದನ್ನು ಮೈದಾನದ ಮೂಲೆಯಲ್ಲಿ ಸುಡಬಾರದು. ಪ್ಲಾಸ್ಟಿಕ್ಕಿನ ಹೊಗೆ ವಿಷಕಾರಿ, ಸೂಜಿಯು ಬೂದಿಯಲ್ಲಿ ಹಾಗೆಯೇ ಉಳಿಯುವುದು.

ಸೂಜಿ ಚುಚ್ಚಿದರೆ

ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಸೋಂಕು ತಗಲಬಹುದು. ಗಾಯವನ್ನು ಹಿಸುಕಬಾರದು, ಬಾಯಿಗಿಡಬಾರದು. ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆದು ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಬೇಗನೆ ಆರಂಭಿಸಿದಷ್ಟೂ ಒಳಿತು. ಬೈಗುಳಕ್ಕೆ ಅಂಜಿ ಮಗುವು ಗಾಯವನ್ನು ಮುಚ್ಚಿಟ್ಟರೆ ಈ ಅವಧಿಯು ಕಳೆದುಹೋಗುವುದು. ಆದುದರಿಂದ ಹೇಳಿದ ಮಗುವನ್ನು ಗದರಿಸಬಾರದು.

ತರಗತಿ ಚಟುವಟಿಕೆ

ನಾಲ್ಕು ಬಣ್ಣದ ರಟ್ಟಿನ ಪೆಟ್ಟಿಗೆಗಳನ್ನಿರಿಸಿ, ವಸ್ತುಗಳ ಚಿತ್ರಗಳನ್ನು ಮಕ್ಕಳಿಂದ ವಿಂಗಡಿಸಿರಿ. ಪೆಟ್ಟಿಗೆಯ ಮೇಲೆ ಎರಡೂ ಭಾಷೆಗಳ ಹೆಸರನ್ನು ಬರೆಯಿಸಿರಿ. ನಿಜವಾದ ಸೂಜಿ, ಸಿರಿಂಜುಗಳನ್ನು ತರಗತಿಗೆ ತರಬಾರದು.

ಪ್ರಶ್ನೆಗಳು

1. ಸೂಜಿಯನ್ನು ಚೀಲಕ್ಕೆ ಹಾಕಬಾರದೇಕೆ?
2. ‘ಪಾಂಢರಾ’ ಎಂದರೆ ಯಾವ ಬಣ್ಣ? ಅದರಲ್ಲಿ ಏನನ್ನು ಹಾಕುವರು?
3. ದಾರಿಯಲ್ಲಿ ಸಿರಿಂಜು ಕಂಡರೆ ಯಾರಿಗೆ ತಿಳಿಸುವಿರಿ?